ಮೋಟಾರು ಎಂಜಿನಿನ ಆರೋಗ್ಯ ಮತ್ತು ಎಣ್ಣೆಯ ಪರೀಕ್ಷೆ

ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲವೆಂಬುದು ಲೋಕದ ಮಾತು. ಆದರೆ ಹುಣ್ಣು ಅಂಗೈಯ ಮೇಲಿರದೆ ಒಡಲಿನ ಒಳಗಿದ್ದರೆ ಕನ್ನಡಿಯೂ ಸಾಲದು. ಅದನ್ನು ಅರಿಯಲು ಬೇರೊಂದು ಉಪಾಯವೇ ಬೇಕಾಗುತ್ತದೆ. ವೈದ್ಯನು ರೋಗಿಯ ಒಡಲನ್ನು ಸೀಳದೆ, ಸ್ವಲ್ಪ ರಕ್ತವನ್ನು ತೆಗೆದು ಪರೀಕ್ಷಿಸಿ ಒಳಗಿನ ಸ್ಥಿತಿಯನ್ನು ತಿಳಿಯುತ್ತಾನೆ. ಮೋಟಾರು ವಾಹನದ ಎಂಜಿನಿಗೂ ಇಂಥದೇ ಒಂದು ಪರೀಕ್ಷೆಯುಂಟು. ಎಂಜಿನಿನ ಒಂದು ಬೋಲ್ಟನ್ನೂ ಬಿಚ್ಚದೆ, ಅದರೊಳಗೆ ಸುತ್ತಿ ಬಂದ ಎಣ್ಣೆಯಲ್ಲಿ ಸುಮಾರು ನೂರು ಮಿಲಿಲೀಟರನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ಯಾವ ಭಾಗ ಸವೆಯುತ್ತಿದೆ, ಏಕೆ ಸವೆಯುತ್ತಿದೆ, ಎಣ್ಣೆಯಲ್ಲಿ ಇನ್ನೆಷ್ಟು ತ್ರಾಣ ಉಳಿದಿದೆ ಎಂಬುದನ್ನು ತಿಳಿಯುವ ವಿಧಾನ ಅದು.

ಈ ವಿಷಯ ಕೇವಲ ಯಂತ್ರಶಾಸ್ತ್ರಜ್ಞರಿಗೆ ಸಂಬಂಧಿಸಿದುದಲ್ಲ. ಗ್ರಾಮಾಂತರದ ವಿದ್ಯಾಸಂಸ್ಥೆಗಳಲ್ಲಿ ಇಂದು ಒಂದೆರಡಾದರೂ ವಾಹನಗಳಿರುತ್ತವೆ. ಅವುಗಳಲ್ಲಿ ಅನೇಕವು ಭಕ್ತರ ಕಾಣಿಕೆಯಿಂದ, ಹಳೆಯ ವಿದ್ಯಾರ್ಥಿಗಳ ಉದಾರ ನೆರವಿನಿಂದ ಬಂದವು. ಇಂಥ ವಾಹನದ ಎಂಜಿನಿನ ವಿಷಯದಲ್ಲಿ ಎರಡು ಬಗೆಯ ನಷ್ಟ ಸಂಭವಿಸುತ್ತದೆ. ಎಣ್ಣೆ ಕಪ್ಪಾಯಿತೆಂದೋ, ಸದ್ದು ಬದಲಾಯಿತೆಂದೋ ಶಂಕಿಸಿ, ಗಟ್ಟಿಯಾಗಿರುವ ಎಂಜಿನನ್ನು ಇಳಿಸಿ ಬಿಚ್ಚಿಸುವುದು ಒಂದು. ಓಡುತ್ತಿದೆಯಲ್ಲ ಎಂಬ ಭರವಸೆಯಲ್ಲಿದ್ದು, ಮಕ್ಕಳು ಕುಳಿತಿರುವಾಗಲೇ ಅದು ಹೆದ್ದಾರಿಯಲ್ಲಿ ಹಿಡಿದುಕೊಂಡು ನಿಲ್ಲುವವರೆಗೆ ಸುಮ್ಮನಿರುವುದು ಮತ್ತೊಂದು. ಮೊದಲನೆಯದರಲ್ಲಿ ಹಣ ವ್ಯರ್ಥ. ಎರಡನೆಯದರಲ್ಲಿ ಹಣಕ್ಕಿಂತ ಹೆಚ್ಚಿನದು ಅಪಾಯಕ್ಕೆ ಸಿಲುಕುತ್ತದೆ. ಈ ಎರಡು ತಪ್ಪುಗಳ ನಡುವಿನ ಹಾದಿಯನ್ನು ತೋರಿಸುವುದೇ ಎಣ್ಣೆಯ ಪರೀಕ್ಷೆಯ ಪ್ರಯೋಜನ.

ಎಣ್ಣೆಯ ಕಾರ್ಯ

ಎಂಜಿನಿನಲ್ಲಿ ಪಿಸ್ಟನ್ನುಗಳು ಸಿಲಿಂಡರಿನ ಗೋಡೆಯನ್ನು ಉಜ್ಜುತ್ತ ನಿಮಿಷಕ್ಕೆ ಸಾವಿರಾರು ಸಲ ಮೇಲೆ ಕೆಳಗೆ ಚಲಿಸುತ್ತವೆ. ಕ್ರ್ಯಾಂಕ್ ದಂಡವು ಬೇರಿಂಗುಗಳಲ್ಲಿ ತಿರುಗುತ್ತದೆ. ಲೋಹಕ್ಕೆ ಲೋಹ ನೇರವಾಗಿ ತಾಗಿದರೆ ಕ್ಷಣಮಾತ್ರದಲ್ಲಿ ಬಿಸಿಯೇರಿ ಕಚ್ಚಿಕೊಳ್ಳುತ್ತವೆ. ಹಾಗಾಗದಂತೆ ಅವುಗಳ ನಡುವೆ ನಿಲ್ಲುವುದು ಕೆಲವೇ ಮೈಕ್ರಾನು ದಪ್ಪದ ಎಣ್ಣೆಯ ಪೊರೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಮನುಷ್ಯನ ತಲೆಗೂದಲಿನ ದಪ್ಪಕ್ಕೆ ಹೋಲಿಸಿದರೂ ಈ ಪೊರೆ ಅತ್ಯಂತ ತೆಳುವಾದುದು.

ಘರ್ಷಣೆಯನ್ನು ತಗ್ಗಿಸುವುದೊಂದೇ ಎಣ್ಣೆಯ ಕೆಲಸವಲ್ಲ. ಅದು ಒಳಭಾಗಗಳ ಬಿಸಿಯನ್ನು ಹೊತ್ತು ತರುತ್ತದೆ, ಇಂಧನ ಉರಿದಾಗ ಹುಟ್ಟುವ ಮಸಿಯನ್ನು ಒಂದೆಡೆ ಗಟ್ಟಿಯಾಗಗೊಡದೆ ತನ್ನಲ್ಲಿ ತೇಲಿಸಿಕೊಳ್ಳುತ್ತದೆ, ಆಮ್ಲಗಳನ್ನು ಶಮನಗೊಳಿಸುತ್ತದೆ, ತುಕ್ಕನ್ನು ತಡೆಯುತ್ತದೆ. ಈ ಕಾರ್ಯಗಳಿಗಾಗಿ ಮೂಲ ಎಣ್ಣೆಗೆ ಸತು, ರಂಜಕ, ಕ್ಯಾಲ್ಸಿಯಂ ಮೊದಲಾದವುಗಳ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಎಂಜಿನಿನ ಮೂಲೆಮೂಲೆಗೂ ಹೋಗಿ ಬರುವ ವಸ್ತು ಇದೊಂದೇ ಆದುದರಿಂದ, ಅಲ್ಲಿ ಸವೆದ ಲೋಹದ ಕಣ, ಹೊರಗಿನಿಂದ ನುಗ್ಗಿದ ಧೂಳು, ಸೋರಿದ ನೀರು, ಉರಿಯದೆ ಉಳಿದ ಇಂಧನ ಎಲ್ಲವೂ ಅದರಲ್ಲಿಯೇ ಸೇರುತ್ತವೆ. ಎಣ್ಣೆಯು ಎಂಜಿನಿನ ಸೇವಕನಾಗಿರುವಂತೆಯೇ ಅಲ್ಲಿ ನಡೆದುದಕ್ಕೆಲ್ಲ ಸಾಕ್ಷಿಯೂ ಆಗಿರುತ್ತದೆ.

ಈ ಸಾಕ್ಷಿಯನ್ನು ಕೇವಲ ಕಣ್ಣಿನಿಂದ ವಿಚಾರಿಸುವುದು ಬಹುಕಾಲದಿಂದ ಬಂದ ವಾಡಿಕೆ. ಕಡ್ಡಿಯನ್ನು ಹೊರಗೆಳೆದು, ಎಣ್ಣೆಯನ್ನು ಎರಡು ಬೆರಳುಗಳ ನಡುವೆ ತಿಕ್ಕಿ, ಕಪ್ಪಾಗಿದ್ದರೆ ಕೆಟ್ಟಿತೆಂದೂ ತಿಳಿಯಾಗಿದ್ದರೆ ಚೆನ್ನಾಗಿದೆಯೆಂದೂ ಹೇಳುವರು. ಇದು ಪೂರ್ಣ ಸತ್ಯವಲ್ಲ. ಡೀಸೆಲ್ ಎಂಜಿನಿಗೆ ಹಾಕಿದ ಹೊಸ ಎಣ್ಣೆಯು ಕೆಲವೇ ದಿನಗಳಲ್ಲಿ ಕಪ್ಪಾಗುವುದು ಸಹಜ. ಮಸಿಯನ್ನು ತೊಳೆದು ತನ್ನಲ್ಲಿ ಹಿಡಿದುಕೊಂಡಿದೆ ಎಂಬುದಕ್ಕೆ ಅದೇ ಗುರುತು. ಅನಿಲದಿಂದ ಓಡುವ ಕಾರಿನ ಎಣ್ಣೆ ಬಹುಕಾಲ ತಿಳಿಯಾಗಿ ಕಂಡರೂ ಅದರ ಗುಣ ಒಳಗೊಳಗೇ ಕುಂದುತ್ತಿರಬಹುದು. ಬಣ್ಣವನ್ನು ನಂಬಿ ತೀರ್ಪು ಕೊಡುವುದು ಸಲ್ಲದು.

ಪದ್ಧತಿಯು ಬೆಳೆದುಬಂದ ಬಗೆ

ಒಲೆಯ ಉರಿಗೆ ಉಪ್ಪಿನ ಹರಳು ಬಿದ್ದರೆ ಜ್ವಾಲೆ ಹಳದಿಯಾಗುವುದನ್ನು ಎಲ್ಲರೂ ಕಂಡಿರುತ್ತಾರೆ. ಉಪ್ಪಿನಲ್ಲಿರುವ ಸೋಡಿಯಂ ಧಾತುವಿನ ಗುರುತು ಆ ಹಳದಿ. ಪ್ರತಿಯೊಂದು ಧಾತುವೂ ಕಾದು ಆವಿಯಾದಾಗ ತನಗೇ ಮೀಸಲಾದ ಬೆಳಕಿನ ರೇಖೆಗಳನ್ನು ಸೂಸುತ್ತದೆಂಬ ತತ್ತ್ವವನ್ನು ಜರ್ಮನಿಯ ಹೈಡಲ್‌ಬರ್ಗಿನಲ್ಲಿ ಬುನ್ಸೆನ್ ಮತ್ತು ಕಿರ್ಕಾಫ್ ಎಂಬ ವಿಜ್ಞಾನಿಗಳು 1859-60ರ ಸುಮಾರಿಗೆ ಸ್ಥಿರಪಡಿಸಿದರು. ಈ ರೋಹಿತ ವಿಧಾನದಿಂದಲೇ ಅವರು 1860ರಲ್ಲಿ ಸೀಸಿಯಂ, 1861ರಲ್ಲಿ ರುಬಿಡಿಯಂ ಎಂಬ ಹೊಸ ಧಾತುಗಳನ್ನು ಕಂಡುಹಿಡಿದರು. ಸೂರ್ಯನಲ್ಲಿ ಹೀಲಿಯಂ ಇರುವ ಸುಳಿವು ದೊರೆತದ್ದು ಸಹ ಇದೇ ವಿಧಾನದಿಂದ, 1868ರಲ್ಲಿ. ಭೂಮಿಯ ಮೇಲೆ ಆ ಧಾತು ಕೈಗೆ ದೊರೆತದ್ದು 1895ರಲ್ಲಿ. ಕೋಟ್ಯಂತರ ಮೈಲಿ ದೂರದ ಸೂರ್ಯನ ಒಳಗುಟ್ಟನ್ನು ಬಯಲಿಗೆಳೆದ ಉಪಾಯವೇ ಮುಂದೆ ಮುಚ್ಚಿದ ಎಂಜಿನಿನ ಗುಟ್ಟನ್ನೂ ಬಯಲಿಗೆಳೆಯಿತು.

ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕೆಯ ರೈಲುಮಾರ್ಗಗಳಲ್ಲಿ ಉಗಿಯ ಎಂಜಿನುಗಳ ಬದಲು ಡೀಸೆಲ್ ಎಂಜಿನುಗಳು ಬರತೊಡಗಿದ್ದವು. ಅವುಗಳ ಬೆಲೆ ಹೆಚ್ಚು; ದಾರಿಯಲ್ಲಿ ಕೆಟ್ಟರೆ ಆಗುವ ನಷ್ಟ ಇನ್ನೂ ಹೆಚ್ಚು. ಡೆನ್ವರ್ ಮತ್ತು ರಿಯೊ ಗ್ರಾಂಡೆ ರೈಲು ಸಂಸ್ಥೆಯು 1946ರಲ್ಲಿ ತನ್ನ ಎಂಜಿನುಗಳ ಬಳಸಿದ ಎಣ್ಣೆಯನ್ನು ರೋಹಿತ ವಿಧಾನದಿಂದ ಪರೀಕ್ಷಿಸಿ, ಅದರಲ್ಲಿ ಬೆರೆತ ಲೋಹಗಳ ಪ್ರಮಾಣದಿಂದ ದೋಷಗಳನ್ನು ಮೊದಲೇ ಗುರುತಿಸಲು ತೊಡಗಿತು. 1950ರ ದಶಕದ ಮಧ್ಯಭಾಗದಲ್ಲಿ ಅಮೆರಿಕೆಯ ನೌಕಾಪಡೆಯು ಇದನ್ನು ವಿಮಾನಗಳ ಎಂಜಿನುಗಳಿಗೆ ಅನ್ವಯಿಸಿತು. ಬಳಿಕ ಭೂಸೇನೆ ಮತ್ತು ವಾಯುಸೇನೆಗಳೂ ಅನುಸರಿಸಿದವು. ಆಕಾಶದಲ್ಲಿ ಎಂಜಿನು ನಿಂತರೆ ರಸ್ತೆಯ ಪಕ್ಕಕ್ಕೆ ತಳ್ಳಿ ನಿಲ್ಲಿಸುವಂತಿಲ್ಲವಷ್ಟೆ.

ಭಾರತಕ್ಕೂ ಈ ವಿದ್ಯೆ ಮುಖ್ಯವಾಗಿ ರೈಲಿನ ದಾರಿಯಲ್ಲಿಯೇ ಬಂದು ನೆಲೆಯೂರಿತು. 1962ರಲ್ಲಿ ಡಬ್ಲ್ಯುಡಿಎಂ-2 ಮಾದರಿಯ ಡೀಸೆಲ್ ಎಂಜಿನುಗಳು ಅಮೆರಿಕೆಯಿಂದ ಬಂದವು. 1964ರಿಂದ ವಾರಾಣಸಿಯ ಕಾರ್ಖಾನೆಯಲ್ಲಿ ಅವುಗಳ ನಿರ್ಮಾಣ ಆರಂಭವಾಯಿತು. ಒಂದೊಂದು ಎಂಜಿನಿನಲ್ಲಿಯೂ ನೂರಾರು ಲೀಟರು ಎಣ್ಣೆ ಇರುವುದರಿಂದ ದಿನ ಎಣಿಸಿ ಅದನ್ನು ಚೆಲ್ಲುವುದು ದುಂದು. ಆದುದರಿಂದ ಡೀಸೆಲ್ ಷೆಡ್ಡುಗಳಲ್ಲಿ ಪ್ರಯೋಗಾಲಯಗಳನ್ನು ಇರಿಸಿ, ಎಣ್ಣೆಯನ್ನು ಆಗಾಗ ಪರೀಕ್ಷಿಸುವ ಪದ್ಧತಿ ರೂಢಿಗೆ ಬಂದಿತು. ಕರ್ನಾಟಕದಲ್ಲಿ ಹುಬ್ಬಳ್ಳಿ ಮತ್ತು ಬೆಂಗಳೂರಿನ ಕೃಷ್ಣರಾಜಪುರಗಳಲ್ಲಿ ಇಂಥ ಷೆಡ್ಡುಗಳು ನೆಲೆಗೊಂಡವು. ಗಣಿಗಳ ಭಾರೀ ಯಂತ್ರಗಳು, ವಿದ್ಯುದಾಗಾರಗಳ ಟರ್ಬೈನುಗಳು, ಹಡಗುಗಳು ಮುಂತಾದೆಡೆಗಳಲ್ಲಿಯೂ ಈ ಪರೀಕ್ಷೆ ನಿತ್ಯದ ಕೆಲಸವಾಗಿದೆ. ಸಾಮಾನ್ಯ ಕಾರಿನ ಒಡೆಯನಿಗೆ ಮಾತ್ರ ಇದರ ಪರಿಚಯ ಇನ್ನೂ ವಿರಳ.

ಮಾದರಿಯನ್ನು ತೆಗೆಯುವ ಕ್ರಮ

ಪ್ರಯೋಗಾಲಯವು ಎಷ್ಟೇ ಸಮರ್ಥವಾಗಿರಲಿ, ಕಳುಹಿಸಿದ ಮಾದರಿ ಸರಿಯಾಗಿರದಿದ್ದರೆ ಫಲಿತಾಂಶ ದಾರಿ ತಪ್ಪಿಸುತ್ತದೆ. ವಾಹನವು ಸ್ವಲ್ಪ ದೂರ ಓಡಿ ಬಂದು ಎಣ್ಣೆ ಬೆಚ್ಚಗಿರುವಾಗಲೇ, ಕಣಗಳು ತಳಕ್ಕೆ ಇಳಿಯುವ ಮೊದಲೇ ಮಾದರಿಯನ್ನು ತೆಗೆಯತಕ್ಕದ್ದು. ಮೆಕ್ಯಾನಿಕರು ಚೇಂಬರ್ ಎಂದು ಕರೆಯುವ ಎಣ್ಣೆಯ ತೊಟ್ಟಿಯ ತಿರುಪನ್ನು ಬಿಚ್ಚಿ ತೆಗೆಯುವುದಾದರೆ ಮೊದಲು ಬೀಳುವ ಧಾರೆಯನ್ನು ಹೋಗಗೊಟ್ಟು, ನಡುವಿನ ಧಾರೆಯನ್ನು ಹಿಡಿಯಬೇಕು. ಮೊದಲ ಧಾರೆಯಲ್ಲಿ ತಳದ ಗಷ್ಟು ಬರುತ್ತದೆ. ಕಡ್ಡಿಯ ಕೊಳವೆಯೊಳಗೆ ಸಣ್ಣ ನಳಿಕೆಯನ್ನು ಇಳಿಸಿ ಕೈಪಂಪಿನಿಂದ ಹೀರುವುದೂ ಒಳ್ಳೆಯ ವಿಧಾನವೇ. ಸೀಸೆ ಹೊಸದಾಗಿ, ಒಣಗಿರಬೇಕು. ಒಗೆದಿಟ್ಟ ಔಷಧದ ಸೀಸೆಯಲ್ಲಿ ಉಳಿದ ಒಂದು ಹನಿ ನೀರು ಅಥವಾ ಗಾಳಿಯಲ್ಲಿ ಹಾರಿ ಬಂದ ಒಂದು ಚಿಟಿಕೆ ಧೂಳು ಎಂಜಿನಿಗೆ ಇಲ್ಲದ ರೋಗವನ್ನು ಅಂಟಿಸಿಬಿಡುತ್ತದೆ.

ಸೀಸೆಯ ಮೇಲಿನ ಚೀಟಿ ಸೀಸೆಯಷ್ಟೇ ಮುಖ್ಯ. ವಾಹನ ಇದುವರೆಗೆ ಓಡಿದ ಒಟ್ಟು ಕಿಲೋಮೀಟರು, ಈ ಎಣ್ಣೆಯನ್ನು ಹಾಕಿದ ಮೇಲೆ ಓಡಿದ ಕಿಲೋಮೀಟರು, ಎಣ್ಣೆಯ ಹೆಸರು ಮತ್ತು ದರ್ಜೆ, ನಡುವೆ ಮೇಲಿನಿಂದ ಸೇರಿಸಿದ ಎಣ್ಣೆಯ ಪ್ರಮಾಣ, ಇತ್ತೀಚಿನ ದುರಸ್ತಿ ಇವಿಷ್ಟನ್ನೂ ಬರೆಯಬೇಕು. ವಯಸ್ಸನ್ನೂ ಪಥ್ಯವನ್ನೂ ತಿಳಿಸದೆ ರಕ್ತವನ್ನಷ್ಟೆ ಕಳುಹಿಸಿದರೆ ವೈದ್ಯನಾದರೂ ಏನು ಹೇಳಿಯಾನು?

ಎಣ್ಣೆಯ ಸ್ವಂತ ಸ್ಥಿತಿ

ಪ್ರಯೋಗಾಲಯದಲ್ಲಿ ಮೊದಲು ಎಣ್ಣೆಯ ಗುಣವನ್ನೇ ಅಳೆಯುತ್ತಾರೆ. ಮುಖ್ಯವಾದುದು ಸ್ನಿಗ್ಧತೆ, ಎಂದರೆ ಹರಿಯುವಿಕೆಗೆ ದ್ರವವು ತೋರುವ ಪ್ರತಿರೋಧ. ಗೊತ್ತಾದ ಉಷ್ಣತೆಯಲ್ಲಿ, ಗೊತ್ತಾದ ಕೊಳವೆಯ ಮೂಲಕ ಎಣ್ಣೆ ಇಳಿಯಲು ಹಿಡಿಯುವ ಕಾಲದಿಂದ ಇದನ್ನು ಲೆಕ್ಕಹಾಕಿ ಸೆಂಟಿಸ್ಟೋಕ್ ಎಂಬ ಮಾನದಲ್ಲಿ ಹೇಳುತ್ತಾರೆ. ಡಬ್ಬಿಯ ಮೇಲೆ 15ಡಬ್ಲ್ಯು-40 ಎಂದಿದ್ದರೆ ಕೊನೆಯ 40 ಎಂಬ ದರ್ಜೆಯು 100 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಆ ಎಣ್ಣೆಯ ಸ್ನಿಗ್ಧತೆ 12.5ರಿಂದ 16.3 ಸೆಂಟಿಸ್ಟೋಕಿನೊಳಗೆ ಇರಬೇಕೆಂಬುದನ್ನು ಸೂಚಿಸುತ್ತದೆ. ಬಳಸಿದ ಎಣ್ಣೆ ಇದಕ್ಕಿಂತ ತೆಳುವಾಗಿದ್ದರೆ ಇಂಧನ ಬೆರೆತಿರುವ ಸಂಭವ ಉಂಟು; ಮಂದವಾಗಿದ್ದರೆ ಮಸಿ ತುಂಬಿರುವ, ಇಲ್ಲವೆ ಅತಿಯಾದ ಬಿಸಿಗೆ ಎಣ್ಣೆ ಆಮ್ಲಜನಕದೊಡನೆ ಸೇರಿ ಕೆಟ್ಟಿರುವ ಸಂಭವ ಉಂಟು.

ಇಂಧನ ಬೆರೆತಿದೆಯೇ ಎಂಬುದನ್ನು ಖಚಿತಪಡಿಸಲು ಎಣ್ಣೆಯನ್ನು ಮೆಲ್ಲನೆ ಕಾಯಿಸಿ, ಅದರ ಆವಿಗೆ ಕಿಡಿ ತಾಗಿದಾಗ ಯಾವ ಉಷ್ಣತೆಯಲ್ಲಿ ಥಟ್ಟನೆ ಹೊತ್ತಿಕೊಳ್ಳುತ್ತದೆಂದು ನೋಡುತ್ತಾರೆ. ಹೊಸ ಎಣ್ಣೆಯಲ್ಲಿ ಈ ಬಿಂದು ಸಾಮಾನ್ಯವಾಗಿ 200 ಡಿಗ್ರಿಗೂ ಮೇಲಿರುತ್ತದೆ. ಪೆಟ್ರೋಲು ಅಥವಾ ಡೀಸೆಲ್ ಬೆರೆತಂತೆ ಕೆಳಗಿಳಿಯುತ್ತದೆ. ಇಲ್ಲಿ ಚಾಲಕರು ಮೋಸಹೋಗುವ ಒಂದು ಸಂಗತಿಯುಂಟು. ಕಡ್ಡಿಯಲ್ಲಿ ಎಣ್ಣೆಯ ಮಟ್ಟ ತಿಂಗಳುಗಟ್ಟಲೆ ಇಳಿಯದೆ, ಬದಲಿಗೆ ಏರಿದ್ದರೆ ಅದು ಸಂತೋಷದ ವಿಷಯವಲ್ಲ. ಸೇರಬಾರದ ದ್ರವವೊಂದು ಸೇರುತ್ತಿದೆಯೆಂದು ಅರ್ಥ. 2020ರ ಏಪ್ರಿಲಿನಿಂದ ಜಾರಿಗೆ ಬಂದ ಭಾರತ್ ಸ್ಟೇಜ್-6 ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಶೋಧಕವಿರುತ್ತದೆ. ಅದನ್ನು ಸುಟ್ಟು ಶುಚಿಗೊಳಿಸಲು ಎಂಜಿನು ತಾನೇ ಹೆಚ್ಚುವರಿ ಇಂಧನವನ್ನು ಚಿಮ್ಮಿಸುತ್ತದೆ. ವಾಹನವು ಊರೊಳಗಿನ ಅಲ್ಪ ದೂರಗಳಲ್ಲಿಯೇ ಓಡಾಡಿದರೆ ಈ ಶುದ್ಧೀಕರಣ ಪೂರ್ಣವಾಗದೆ, ಇಂಧನದ ಒಂದು ಪಾಲು ಗೋಡೆಯ ಗುಂಟ ಇಳಿದು ಎಣ್ಣೆಯನ್ನು ಸೇರುತ್ತದೆ.

ನೀರು ಬೆರೆತ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ಅಷ್ಟು ಸ್ಪಷ್ಟವಾಗಿ ಕಾಣದ ಅಲ್ಪ ಪ್ರಮಾಣದ ನೀರನ್ನು, ಕಾದ ತಟ್ಟೆಯ ಮೇಲೆ ಒಂದು ಹನಿ ಬಿಟ್ಟಾಗ ಏಳುವ ಚಟಪಟ ಸದ್ದಿನಿಂದ ಗುರುತಿಸುತ್ತಾರೆ. ಒಗ್ಗರಣೆಗೆ ಹಸಿ ಕರಿಬೇವು ಬಿದ್ದಾಗ ಕೇಳುವ ಸದ್ದಿಗೂ ಕಾರಣ ಇದೇ. ನೀರಿನೊಡನೆ ಸೋಡಿಯಂ ಅಥವಾ ಪೊಟಾಸಿಯಂ ಸಹ ಏರಿದ್ದರೆ ರೇಡಿಯೇಟರಿನ ತಂಪುದ್ರವವು ಒಳಗೆ ಸೋರುತ್ತಿದೆಯೆಂಬ ಶಂಕೆ ಬಲವಾಗುತ್ತದೆ. ಹಾಗಿದ್ದಲ್ಲಿ ತಡಮಾಡಲಾಗದು, ಆ ದ್ರವ ಬೇರಿಂಗುಗಳಿಗೆ ವಿಷವೇ ಸರಿ.

ಇನ್ನು ಪ್ರತ್ಯಾಮ್ಲ ಸಂಖ್ಯೆ. ಇಂಧನದಲ್ಲಿರುವ ಗಂಧಕ ಉರಿದಾಗಲೂ ಎಣ್ಣೆ ಹಳತಾದಾಗಲೂ ಆಮ್ಲಗಳು ಹುಟ್ಟುತ್ತವೆ. ಅವುಗಳನ್ನು ಶಮನಗೊಳಿಸುವ ಪ್ರತ್ಯಾಮ್ಲ ಶಕ್ತಿ ಎಣ್ಣೆಯಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಈ ಸಂಖ್ಯೆ ತಿಳಿಸುತ್ತದೆ. ಡೀಸೆಲ್ ಎಂಜಿನಿನ ಹೊಸ ಎಣ್ಣೆಯಲ್ಲಿ ಇದು ಸುಮಾರು 10 ಇದ್ದು, ಅರ್ಧಕ್ಕೆ ಇಳಿದಾಗ ಎಣ್ಣೆ ಬದಲಿಸುವ ಕಾಲ ಸಮೀಪಿಸಿತೆಂದು ತಿಳಿಯುವುದು ವಾಡಿಕೆ. 2020ರಿಂದ ಇಂಧನದಲ್ಲಿ ಗಂಧಕದ ಮಿತಿಯನ್ನು ಹತ್ತು ಲಕ್ಷಕ್ಕೆ 10 ಭಾಗಗಳಿಗೆ ಇಳಿಸಿರುವುದರಿಂದ ಈ ಶಕ್ತಿ ಹಿಂದಿನಷ್ಟು ಬೇಗ ಕುಂದುವುದಿಲ್ಲ.

ಲೋಹಗಳ ಸಾಕ್ಷ್ಯ

ಪರೀಕ್ಷೆಯ ಹೃದಯಭಾಗ ಲೋಹಗಳ ಲೆಕ್ಕ. ಎಣ್ಣೆಯನ್ನು ವಿದ್ಯುತ್ ಕಿಡಿಯ ಅಥವಾ ಹಲವು ಸಾವಿರ ಡಿಗ್ರಿ ಉಷ್ಣತೆಯ ಪ್ಲಾಸ್ಮಾ ಜ್ವಾಲೆಯ ಮೂಲಕ ಹಾಯಿಸಿದಾಗ ಅದರಲ್ಲಿರುವ ಧಾತುಗಳು ತಮ್ಮ ತಮ್ಮ ರೇಖೆಗಳನ್ನು ಸೂಸುತ್ತವೆ. ರೇಖೆಯ ಸ್ಥಾನದಿಂದ ಧಾತುವಿನ ಹೆಸರನ್ನೂ ಕಾಂತಿಯಿಂದ ಅದರ ಪ್ರಮಾಣವನ್ನೂ ಉಪಕರಣವು ಕೆಲವೇ ನಿಮಿಷಗಳಲ್ಲಿ ಹೇಳುತ್ತದೆ. ಪ್ರಮಾಣವನ್ನು ಹತ್ತು ಲಕ್ಷ ಭಾಗಗಳಲ್ಲಿ ಇಷ್ಟು ಭಾಗ, ಎಂದರೆ ಪಿಪಿಎಂ ಎಂದು ಸೂಚಿಸುವರು. ಐದು ಲೀಟರು ಎಣ್ಣೆಯ ತೂಕ ಸುಮಾರು 4.4 ಕಿಲೋಗ್ರಾಂ. ಅದರಲ್ಲಿ 24 ಪಿಪಿಎಂ ಕಬ್ಬಿಣವಿದೆಯೆಂದರೆ ಒಟ್ಟು ಕಬ್ಬಿಣ ಸುಮಾರು 105 ಮಿಲಿಗ್ರಾಂ. ಒಂದು ಗ್ರಾಮಿನ ಹತ್ತನೆಯ ಒಂದು ಪಾಲು. ಇಷ್ಟು ಸೂಕ್ಷ್ಮವಾದ ಸವೆತವನ್ನು ಕಿವಿಯಾಗಲಿ ಬೆರಳಾಗಲಿ ಅರಿಯಲಾರದು.

ಯಾವ ಲೋಹ ಎಲ್ಲಿಂದ ಬರುತ್ತದೆಂಬ ತಿಳಿವಳಿಕೆಯೇ ವರದಿಯ ಕೀಲಿಕೈ. ಕಬ್ಬಿಣವು ಸಿಲಿಂಡರಿನ ಗೋಡೆ, ಕ್ರ್ಯಾಂಕ್ ದಂಡ, ಕ್ಯಾಮ್ ದಂಡ, ಹಲ್ಲುಗಾಲಿಗಳಿಂದ ಬರುತ್ತದೆ. ಅಲ್ಯೂಮಿನಿಯಂ ಬಹುಮಟ್ಟಿಗೆ ಪಿಸ್ಟನ್ನಿನದು. ಕ್ರೋಮಿಯಂ ಸಾಮಾನ್ಯವಾಗಿ ಪಿಸ್ಟನ್ನಿನ ಉಂಗುರಗಳದು. ಸೀಸ, ತವರ, ತಾಮ್ರ ಇವು ಬೇರಿಂಗುಗಳ ಪದರಗಳಿಂದ ಬರುತ್ತವೆ. ತಾಮ್ರವು ಎಣ್ಣೆಯ ಕೂಲರಿನಿಂದಲೂ ಬರಬಹುದು. ಸಿಲಿಕಾನ್ ಎಂಜಿನಿನ ಸವೆತವಲ್ಲ. ಬಹುತೇಕ ಹೊರಗಿನ ಮಣ್ಣಿನ ಧೂಳು. ಸತು, ರಂಜಕ, ಕ್ಯಾಲ್ಸಿಯಂಗಳು ಎಣ್ಣೆಯಲ್ಲಿಯೇ ಬೆರೆಸಿದ ಪದಾರ್ಥಗಳು. ಅವು ಇರುವುದು ದೋಷವಲ್ಲ.

ಧೂಳಿನ ವಿಷಯವನ್ನು ಕೊಂಚ ವಿಸ್ತರಿಸುವುದು ಉಚಿತ. ಮಣ್ಣಿನಲ್ಲಿರುವ ಬೆಣಚುಕಲ್ಲಿನ ಕಾಠಿಣ್ಯ ಮೋಸ್ ಮಾಪನದಲ್ಲಿ 7. ಸಾಮಾನ್ಯ ಚಾಕುವಿನ ಉಕ್ಕನ್ನು ಅದು ಗೀರಬಲ್ಲುದು. ಎಣ್ಣೆಯ ಪೊರೆಗಿಂತ ದಪ್ಪನಾದ ಇಂಥ ಕಣವೊಂದು ಉಂಗುರಕ್ಕೂ ಗೋಡೆಗೂ ನಡುವೆ ಸಿಕ್ಕಿದರೆ ಸಾಣೆಕಲ್ಲಿನ ಕೆಲಸವನ್ನೇ ಮಾಡುತ್ತದೆ. ಬೇಸಗೆಯಲ್ಲಿ ಬಯಲುಸೀಮೆಯ ಕಚ್ಚಾ ರಸ್ತೆಗಳಲ್ಲಿ ಒಂದು ಬಸ್ಸಿನ ಹಿಂದೆ ಇನ್ನೊಂದು ವಾಹನ ಹೋಗುವಾಗ ಏಳುವ ಧೂಳನ್ನು ಕಂಡವರಿಗೆ ಗಾಳಿಯ ಶೋಧಕದ, ಎಂದರೆ ಏರ್ ಫಿಲ್ಟರಿನ ಮಹತ್ತ್ವವನ್ನು ಬೇರೆ ಹೇಳಬೇಕಾಗಿಲ್ಲ. ಆದರೂ ಕಾಗದದ ಶೋಧಕವನ್ನು ಗೋಡೆಗೆ ಬಡಿದು, ಪಂಕ್ಚರ್ ಅಂಗಡಿಯ ಗಾಳಿಯಿಂದ ಊದಿ, ಹರಿದುದನ್ನು ಗಮನಿಸದೆ ಮತ್ತೆ ಹಾಕುವ ರೂಢಿ ಎಷ್ಟೋ ಎಂಜಿನುಗಳ ಆಯುಸ್ಸನ್ನು ತಿಂದಿದೆ.

ವರದಿಯನ್ನು ಓದುವ ಬಗೆ

ಒಂದೇ ವರದಿಯನ್ನು ಹಿಡಿದು ತೀರ್ಪು ಹೇಳಲಾಗದು ಎಂಬುದು ಈ ವಿದ್ಯೆಯ ಮೊದಲ ಪಾಠ. ಇದನ್ನು ಕಲ್ಪಿತ ಉದಾಹರಣೆಯೊಂದರಿಂದ ಸ್ಪಷ್ಟಪಡಿಸಬಹುದು. ಐದು ಲೀಟರು ಎಣ್ಣೆ ಹಿಡಿಯುವ ಡೀಸೆಲ್ ವಾಹನವೊಂದರ ಎಣ್ಣೆಯನ್ನು ಪ್ರತಿ ಬದಲಾವಣೆಯ ವೇಳೆಗೂ ಪರೀಕ್ಷೆಗೆ ಕಳುಹಿಸಲಾಗುತ್ತಿದೆಯೆಂದು ಭಾವಿಸಬೇಕು. ಮೊದಲ ಸಲ 8,000 ಕಿಲೋಮೀಟರು ಓಡಿದ ಎಣ್ಣೆಯಲ್ಲಿ ಕಬ್ಬಿಣ 24 ಪಿಪಿಎಂ. ಎರಡನೆಯ ಸಲವೂ 8,000 ಕಿಲೋಮೀಟರು, ಕಬ್ಬಿಣ 26. ಮೂರನೆಯ ಸಲ 5,000 ಕಿಲೋಮೀಟರಿಗೇ ಬದಲಿಸಿದಾಗ ಕಬ್ಬಿಣ 16. ಅಂಕಿ ಇಳಿಯಿತೆಂದು ಹಿಗ್ಗುವಂತಿಲ್ಲ. ಸಾವಿರ ಕಿಲೋಮೀಟರಿಗೆ ಲೆಕ್ಕ ಹಾಕಿದರೆ ಕ್ರಮವಾಗಿ 3.0, 3.25, 3.2 ಆಗುತ್ತದೆ. ಸವೆತದ ವೇಗ ಮೂರು ಸಲವೂ ಹೆಚ್ಚುಕಡಿಮೆ ಒಂದೇ. ಅದು ಆ ಎಂಜಿನಿನ ಸಹಜ ಸ್ಥಿತಿ. ಈ ಮೂರು ವರದಿಗಳಲ್ಲಿಯೂ ಸಿಲಿಕಾನ್ 7ರಿಂದ 9, ಅಲ್ಯೂಮಿನಿಯಂ 4 ಅಥವಾ 5, ಕ್ರೋಮಿಯಂ 1 ಇದ್ದಿತೆನ್ನೋಣ.

ನಾಲ್ಕನೆಯ ಸಲ 5,000 ಕಿಲೋಮೀಟರಿಗೆ ಕಬ್ಬಿಣ 45, ಅಲ್ಯೂಮಿನಿಯಂ 14, ಕ್ರೋಮಿಯಂ 4, ಸಿಲಿಕಾನ್ 38. ಕಬ್ಬಿಣದ ವೇಗ ಸಾವಿರಕ್ಕೆ 9ಕ್ಕೆ ಏರಿದೆ. ಇಷ್ಟನ್ನೇ ನೋಡಿದವನು ಎಂಜಿನು ಕೆಲಸಕ್ಕೆ ಬಂದಿತೆಂದು, ಬೋರ್ ಮಾಡಿಸಬೇಕೆಂದು ಹೇಳಿಯಾನು. ಆದರೆ ನಾಲ್ಕು ಅಂಕಿಗಳನ್ನು ಒಟ್ಟಿಗೆ ಓದಿದಾಗ ಬೇರೆಯೇ ಕಥೆ ಹೊರಡುತ್ತದೆ. ಸಿಲಿಕಾನ್ ಏರಿದೆ, ಅದರೊಡನೆ ಗೋಡೆಯ ಕಬ್ಬಿಣ, ಪಿಸ್ಟನ್ನಿನ ಅಲ್ಯೂಮಿನಿಯಂ, ಉಂಗುರದ ಕ್ರೋಮಿಯಂ ಮೂರೂ ಏರಿವೆ. ಬೇರಿಂಗಿನ ಸೀಸ ಮತ್ತು ತವರ ಇದ್ದಲ್ಲಿಯೇ ಇವೆ. ಎಂದರೆ ಸವೆತವು ಗಾಳಿ ಪ್ರವೇಶಿಸುವ ಮೇಲ್ಭಾಗದಲ್ಲಿ ನಡೆದಿದೆ, ಧೂಳು ನುಗ್ಗುತ್ತಿದೆ. ಹುಡುಕಬೇಕಾದುದು ಎಂಜಿನಿನ ಒಳಗಲ್ಲ, ಗಾಳಿಯ ಶೋಧಕದಿಂದ ಎಂಜಿನಿನವರೆಗಿನ ದಾರಿಯಲ್ಲಿ. ಅಲ್ಲಿ ರಬ್ಬರಿನ ಕೊಳವೆ ಸೀಳಿದ್ದರೆ ಅಥವಾ ಅದರ ಪಟ್ಟಿ ಸಡಿಲವಾಗಿದ್ದರೆ ಅಲ್ಪ ಖರ್ಚಿನಲ್ಲಿ ಕೆಲಸ ಮುಗಿಯುತ್ತದೆ. ಐದನೆಯ ವರದಿಯಲ್ಲಿ ಕಬ್ಬಿಣ 17, ಸಿಲಿಕಾನ್ 8 ಎಂದು ಬಂದರೆ ರೋಗನಿರ್ಣಯ ಸರಿಯಾಯಿತೆಂದು ಸಿದ್ಧವಾಗುತ್ತದೆ. ಅದೇ ಕೊಳವೆಯನ್ನು ಇನ್ನೊಂದು ವರ್ಷ ಹಾಗೆಯೇ ಬಿಟ್ಟಿದ್ದರೆ ಎಂಜಿನನ್ನು ನಿಜವಾಗಿಯೇ ಇಳಿಸಬೇಕಾಗುತ್ತಿತ್ತು.

ಇದಕ್ಕೆ ಪ್ರತಿಯಾಗಿ ಸೀಸ, ತವರ, ತಾಮ್ರಗಳು ಮಾತ್ರ ಏರಿ ಉಳಿದವು ಸ್ಥಿರವಾಗಿದ್ದರೆ ಲಕ್ಷ್ಯ ಬೇರಿಂಗುಗಳ ಕಡೆ ಹರಿಯಬೇಕು. ಅದರೊಡನೆ ಸ್ನಿಗ್ಧತೆಯೂ ಇಳಿದಿದ್ದರೆ ಇಂಧನ ಬೆರೆತು ತೆಳುವಾದ ಎಣ್ಣೆಯೇ ಬೇರಿಂಗುಗಳನ್ನು ಕೈಬಿಟ್ಟಿದೆಯೆಂದು ಊಹಿಸಬಹುದು. ಅಂಕಿಗಳು ಬಿಡಿಯಾಗಿ ಮೂಕ, ಕೂಡಿದಾಗ ನುಡಿಯುತ್ತವೆ.

ಪರೀಕ್ಷೆಯ ಎಲ್ಲೆ

ಈ ವಿದ್ಯೆಯ ಮಿತಿಗಳನ್ನು ಅರಿಯದೆ ನಂಬುವುದೂ ಅವಿವೇಕವೇ. ರೋಹಿತ ಉಪಕರಣವು ಅತಿ ಸಣ್ಣ ಕಣಗಳನ್ನು ಮಾತ್ರ ಚೆನ್ನಾಗಿ ಎಣಿಸುತ್ತದೆ. ಎಂಟು ಹತ್ತು ಮೈಕ್ರಾನಿಗಿಂತ ದೊಡ್ಡವು ಬಹುಮಟ್ಟಿಗೆ ಅದರ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತವೆ. ಬೇರಿಂಗಿನ ಪದರ ಚೂರುಚೂರಾಗಿ ಎದ್ದುಬರುತ್ತಿದ್ದರೂ ವರದಿ ಸೌಮ್ಯವಾಗಿ ಕಾಣಬಹುದು. ದೊಡ್ಡ ಕಣಗಳನ್ನು ಅಯಸ್ಕಾಂತದ ಬಲದಿಂದ ಗಾಜಿನ ಪಟ್ಟಿಯ ಮೇಲೆ ಸಾಲಾಗಿ ಕೂರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ಫೆರೋಗ್ರಫಿ ಎಂಬ ವಿಧಾನವನ್ನು ಅಮೆರಿಕೆಯ ವೆಸ್ಟ್‌ಕಾಟ್ ಎಂಬವರು 1970ರ ದಶಕದ ಆರಂಭದಲ್ಲಿ ರೂಪಿಸಿದುದು ಈ ಕೊರತೆಯನ್ನು ತುಂಬಲೆಂದೇ. ಸಾಮಾನ್ಯ ವಾಹನಕ್ಕೆ ಅಷ್ಟು ಸಾಧ್ಯವಾಗದಿದ್ದರೆ, ಬದಲಿಸಿದ ಎಣ್ಣೆ ಶೋಧಕವನ್ನು ಕತ್ತರಿಸಿ, ಅದರ ಮಡಿಕೆಗಳಲ್ಲಿ ಹೊಳೆಯುವ ಲೋಹದ ಚೂರುಗಳಿವೆಯೇ ಎಂದು ನೋಡುವುದು ಸುಲಭದ ಉಪಾಯ.

ಹೊಸ ಎಂಜಿನಿನ ಮೊದಲ ಕೆಲವು ಸಾವಿರ ಕಿಲೋಮೀಟರುಗಳಲ್ಲಿ ಲೋಹಗಳು ಹೆಚ್ಚಾಗಿರುವುದು ಸಹಜ. ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವ ಕಾಲವದು. ಹೊಸದಾಗಿ ಹಚ್ಚಿದ ಸಿಲಿಕೋನ್ ಅಂಟಿನಿಂದಲೂ ಸಿಲಿಕಾನ್ ಏರಬಹುದು, ಧೂಳೆಂದು ಭ್ರಮಿಸಬಾರದು. ನಡುವೆ ಮೇಲಿನಿಂದ ಎಣ್ಣೆ ಸುರಿದಿದ್ದರೆ ಅಂಕಿಗಳು ತೆಳುವಾಗುತ್ತವೆ. ತೈಲ ಬದಲಿಸಿದ ಮರುದಿನ ತೆಗೆದ ಮಾದರಿ ಏನನ್ನೂ ಹೇಳದು. ಥಟ್ಟನೆ ತುಂಡಾಗುವ ಬೆಲ್ಟು, ಹಠಾತ್ತನೆ ಕಟ್ಟಿಕೊಳ್ಳುವ ಎಣ್ಣೆಯ ಪಂಪು ಇವುಗಳ ಮುನ್ಸೂಚನೆಯನ್ನು ಯಾವ ವರದಿಯೂ ಕೊಡಲಾರದು. ಆದುದರಿಂದ ಕೆಂಪು ದೀಪ, ಎಣ್ಣೆಯ ಕಡ್ಡಿ, ರೇಡಿಯೇಟರಿನ ಮಟ್ಟ ಇವುಗಳನ್ನು ನೋಡುವ ನಿತ್ಯದ ಕರ್ತವ್ಯವು ಪ್ರಯೋಗಾಲಯದಿಂದ ರದ್ದಾಗುವುದಿಲ್ಲ. ಗ್ಯಾರಂಟಿ ಅವಧಿಯಲ್ಲಿರುವ ವಾಹನಕ್ಕೆ, ವರದಿ ಎಷ್ಟೇ ಚೆನ್ನಾಗಿರಲಿ, ತಯಾರಕರು ಹೇಳಿದ ಅವಧಿಗೇ ಎಣ್ಣೆ ಬದಲಿಸುವುದು ಕ್ಷೇಮ.

ಪರೀಕ್ಷೆಯ ವೆಚ್ಚವನ್ನೂ ತೂಗಿ ನೋಡಬೇಕು. ವರ್ಷಕ್ಕೆ ಅಲ್ಪ ದೂರ ಓಡುವ ಸಣ್ಣ ಕಾರಿಗೆ ಕಾಲಕಾಲಕ್ಕೆ ಹೊಸ ಎಣ್ಣೆ ಹಾಕುವುದೇ ಅಗ್ಗವಾದೀತು. ಹಳೆಯ ವಾಹನವನ್ನು ಕೊಳ್ಳುವಾಗ, ಎಂಜಿನನ್ನು ಬಿಚ್ಚಿಸಬೇಕೆಂಬ ಸಲಹೆ ಬಂದಾಗ, ಹಲವು ವಾಹನಗಳಿರುವ ಸಂಸ್ಥೆಯಲ್ಲಿ, ಬಹಳ ದೂರ ಓಡುವ ಡೀಸೆಲ್ ವಾಹನಗಳಲ್ಲಿ ಇದರ ಬೆಲೆ ತಿಳಿಯುತ್ತದೆ.

ಶಾಲೆಯಲ್ಲಿ ಮಾಡಬಹುದಾದ ಪ್ರಯೋಗ

ವಿಜ್ಞಾನದ ಅಧ್ಯಾಪಕರು ಈ ವಿಷಯವನ್ನು ತರಗತಿಯಲ್ಲಿಯೂ ಬಳಸಿಕೊಳ್ಳಬಹುದು. ಒಂದೇ ಅಳತೆಯ ಎರಡು ಪ್ರನಾಳಗಳಲ್ಲಿ ಒಂದೇ ದರ್ಜೆಯ ಹೊಸ ಎಣ್ಣೆಯನ್ನೂ ಬಳಸಿದ ಎಣ್ಣೆಯನ್ನೂ ಸಮನಾಗಿ ತುಂಬಿ, ಮುಚ್ಚಳ ಭದ್ರಪಡಿಸಿ, ಒಮ್ಮೆಗೇ ತಲೆಕೆಳಗು ಮಾಡಿದರೆ ಗಾಳಿಯ ಗುಳ್ಳೆ ಮೇಲೇರುವ ಕಾಲದಿಂದ ಸ್ನಿಗ್ಧತೆಯ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಶೋಧಕ ಕಾಗದದ ಮೇಲೆ ಬಳಸಿದ ಎಣ್ಣೆಯ ಒಂದು ಹನಿ ಬಿಟ್ಟು ಒಂದು ದಿನ ಇಟ್ಟರೆ, ಮಸಿ ಸಮನಾಗಿ ಅಗಲವಾಗಿ ಹರಡಿದ್ದಲ್ಲಿ ಎಣ್ಣೆಗೆ ಮಸಿಯನ್ನು ತೇಲಿಸಿ ಹಿಡಿಯುವ ಶಕ್ತಿ ಉಳಿದಿದೆಯೆಂದೂ, ನಡುವೆಯೇ ದಟ್ಟವಾಗಿ ಅಂಚುಗಟ್ಟಿ ನಿಂತಿದ್ದಲ್ಲಿ ಆ ಶಕ್ತಿ ಕುಂದಿದೆಯೆಂದೂ ತಿಳಿಯಬಹುದು. ಎಣ್ಣೆಯನ್ನು ಕಾಯಿಸುವ ಪ್ರಯೋಗಗಳನ್ನು ಮಾತ್ರ ಮಕ್ಕಳಿಂದ ಮಾಡಿಸಬಾರದು. ಬಳಸಿದ ಎಂಜಿನ್ ಎಣ್ಣೆ ಬಹುಕಾಲ ಚರ್ಮಕ್ಕೆ ತಗುಲುತ್ತಿದ್ದರೆ ಚರ್ಮದ ಕ್ಯಾನ್ಸರಿಗೆ ಕಾರಣವಾಗಬಲ್ಲುದು, ಕೈಗವಸು ಅವಶ್ಯಕ. ಉಳಿದ ಎಣ್ಣೆಯನ್ನು ಚರಂಡಿಗಾಗಲಿ ಹೊಲದ ಬದುವಿಗಾಗಲಿ ಚೆಲ್ಲದೆ, ಪುನಶ್ಶುದ್ಧೀಕರಣಕ್ಕೆ ಪರವಾನಗಿ ಪಡೆದವರಿಗೆ ಒಪ್ಪಿಸುವುದು ಧರ್ಮವೂ ಹೌದು, ಕಾನೂನೂ ಹೌದು.

ಉಪಸಂಹಾರ

ಎಣ್ಣೆಯ ಪರೀಕ್ಷೆಯಿಂದ ಎಂಜಿನಿನ ಸವೆತ ನಿಲ್ಲುವುದಿಲ್ಲ. ಸವೆಯುವುದು ಚಲಿಸುವ ಎಲ್ಲ ವಸ್ತುಗಳ ಸ್ವಭಾವ. ಸಹಜವಾದ ಸವೆತ ಯಾವುದು, ತಡೆಯಬಹುದಾದ ಸವೆತ ಯಾವುದು ಎಂಬ ವಿವೇಕವನ್ನು ಅದು ಕೊಡುತ್ತದೆ. ಆ ವಿವೇಕ ಒಂದು ದಿನದ ವರದಿಯಿಂದ ಬರುವುದಿಲ್ಲ. ವರ್ಷಗಟ್ಟಲೆ ತಪ್ಪದೆ ಬರೆದಿಟ್ಟ ಒಂದು ಪುಸ್ತಕದಿಂದ ಬರುತ್ತದೆ. ವಾಹನವೊಂದಕ್ಕೆ ಒಂದು ನೂರು ಪುಟದ ನೋಟುಪುಸ್ತಕ, ಅದರಲ್ಲಿ ಎಣ್ಣೆ ಹಾಕಿದ ದಿನಾಂಕ, ಓಡಿದ ದೂರ, ಸೇರಿಸಿದ ಪ್ರಮಾಣ, ವರದಿಯ ಅಂಕಿಗಳು ಇವಿಷ್ಟಿದ್ದರೆ ಸಾಕು. ಕಾಯಕವೆಂದರೆ ದುಡಿಯುವುದಷ್ಟೇ ಅಲ್ಲ, ದುಡಿಯುವ ಸಾಧನವನ್ನು ಕಾಪಾಡುವುದೂ ಅದರಲ್ಲಿ ಸೇರಿದೆ. ದಾನಿಯೊಬ್ಬನು ಮಕ್ಕಳಿಗಾಗಿ ಕೊಟ್ಟ ವಾಹನವು ಇನ್ನೂ ಐದು ವರ್ಷ ಸುಖವಾಗಿ ಓಡಿದರೆ ಆ ದಾನವು ಮತ್ತೊಮ್ಮೆ ಸಂದಂತೆಯೇ. ಅದಕ್ಕೆ ಬೇಕಾದುದು ಒಂದು ಶುಭ್ರವಾದ ಸೀಸೆ, ಅದರ ಮೇಲೆ ಸರಿಯಾಗಿ ಬರೆದ ಒಂದು ಚೀಟಿ, ಮತ್ತು ಬಂದ ಉತ್ತರವನ್ನು ಹಿಂದಿನವುಗಳೊಡನೆ ಹೋಲಿಸಿ ಓದುವ ತಾಳ್ಮೆ.